ಮರಿಯಾಗದ ಸೂಜಿ

ನಮ್ಮ ಬೀದಿಯ ತಿರುವಿನಲ್ಲಿ ಕಂದು ಬಣ್ಣದ ಒಂದು ಹೆಣ್ಣುನಾಯಿ ಇದೆ. ಅದು ಯಾರ ಮನೆಯದೂ ಅಲ್ಲ. ಹಾಗೆಂದು ದಿಕ್ಕಿಲ್ಲದ್ದೆಂದೂ ಹೇಳುವಂತಿಲ್ಲ. ಒಂದು ಮನೆಯವರು ರಾತ್ರಿ ಉಳಿದ ಮುದ್ದೆಯನ್ನು ಹಾಕುತ್ತಾರೆ. ಇನ್ನೊಂದು ಮನೆಯವರು ಮಳೆ ಬಂದಾಗ ಜಗಲಿಯ ಮೂಲೆಯಲ್ಲಿ ಮಲಗಲು ಬಿಡುತ್ತಾರೆ. ಎರಡು ವರ್ಷಗಳಲ್ಲಿ ಅದು ಮೂರು ಸಲ ಮರಿ ಹಾಕಿತು. ಮೊದಲ ಎರಡು ಸಲವೂ ನಡೆದದ್ದು ಒಂದೇ ಕಥೆ. ಗಂಡುಮರಿಗಳನ್ನು ಯಾರಾದರೂ ಬಂದು ಎತ್ತಿಕೊಂಡು ಹೋದರು, ಹೆಣ್ಣುಮರಿಗಳು ಉಳಿದವು. ಉಳಿದವುಗಳಲ್ಲಿ ಒಂದೆರಡು ಲಾರಿಯ ಗಾಲಿಗೆ ಸಿಕ್ಕವು. ಮತ್ತೆರಡನ್ನು ಯಾರೋ ಗೋಣಿಚೀಲದಲ್ಲಿ ಹಾಕಿ ಸಂತೆಮೈದಾನದ ಕಡೆ ಬಿಟ್ಟು ಬಂದರು. ಮೂರನೆಯ ಸಲ ಮರಿ ಹಾಕಿದಾಗ ಪಕ್ಕದ ಮನೆಯ ಅಜ್ಜಿ ನನ್ನನ್ನು ಕರೆದು ಕೇಳಿದರು: "ಅಲ್ಲ ಮೇಷ್ಟ್ರೇ, ಲೋಕದಲ್ಲಿ ಎಲ್ಲದಕ್ಕೂ ಸೂಜಿಮದ್ದು ಬಂದಿದೆ ಅಂತೀರಿ. ಈ ಬಡಪಾಯಿಗೆ ಮರಿಯಾಗದ ಹಾಗೆ ಒಂದು ಸೂಜಿ ಇಲ್ಲವೇನು?"

ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಲು ನನ್ನಿಂದಾಗಲಿಲ್ಲ. 'ಇದೆ' ಎಂದರೂ ಅದು ಪೂರ್ತಿ ನಿಜವಲ್ಲ. 'ಇಲ್ಲ' ಎಂದರೂ ಪೂರ್ತಿ ನಿಜವಲ್ಲ. ಅನಂತರ ಪಶುವೈದ್ಯ ಮಿತ್ರರೊಬ್ಬರನ್ನು ವಿಚಾರಿಸಿ, ದೊರೆತಷ್ಟು ಬರಹಗಳನ್ನು ಓದಿ ತಿಳಿದುಕೊಂಡದ್ದನ್ನು ಇಂದು ಕೇಳುಗರ ಮುಂದಿಡುತ್ತಿದ್ದೇನೆ. ಇದು ನಾಲ್ಕು ಜನರ ನಡುವೆ ಮಾತನಾಡಲು ಕೊಂಚ ಸಂಕೋಚವೆನಿಸುವ ವಿಷಯ. ಆದರೆ ನಮ್ಮ ಬಾಗಿಲ ಮುಂದೆಯೇ ಹುಟ್ಟು ಸಾವುಗಳು ನಡೆಯುತ್ತಿರುವಾಗ ಸಂಕೋಚಕ್ಕೆ ಮಣೆ ಹಾಕಿ ಪ್ರಯೋಜನವಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. 2019ರ ಜಾನುವಾರು ಗಣತಿಯ ಪ್ರಕಾರ ನಮ್ಮ ದೇಶದಲ್ಲಿದ್ದ ಬೀದಿನಾಯಿಗಳು ಸುಮಾರು 1.53 ಕೋಟಿ. ಅದರಲ್ಲಿ ಕರ್ನಾಟಕದ ಪಾಲು 11 ಲಕ್ಷಕ್ಕೂ ಮೇಲ್ಪಟ್ಟದ್ದು. ಹೆಣ್ಣುನಾಯಿ ವರ್ಷಕ್ಕೆ ಒಂದೆರಡು ಬಾರಿ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಒಂದು ಸೂಲಿಗೆ ನಾಲ್ಕೈದು ಮರಿಗಳು ಸಾಮಾನ್ಯ. ಬೆಕ್ಕಿನ ವೇಗ ಇದಕ್ಕಿಂತಲೂ ಹೆಚ್ಚು. ಈ ಅಂಕಿಗಳನ್ನು ಗುಣಿಸುತ್ತ ಹೋಗಿ, ಒಂದು ಜೋಡಿಯಿಂದ ಏಳೆಂಟು ವರ್ಷಗಳಲ್ಲಿ ಲಕ್ಷಗಟ್ಟಲೆ ಸಂತಾನವಾಗುತ್ತದೆಂದು ಹೆದರಿಸುವ ಭಿತ್ತಿಪತ್ರಗಳನ್ನು ಹಲವರು ನೋಡಿರಬಹುದು. ಆ ಲೆಕ್ಕದಲ್ಲಿ ಸಾವಿಗೆ ಸ್ಥಾನವೇ ಇಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಬೀದಿನಾಯಿಗಳ 95 ಸೂಲುಗಳ 364 ಮರಿಗಳನ್ನು ಬೆನ್ನುಹತ್ತಿ ನೋಡಿ, 2016ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವುಗಳಲ್ಲಿ ಪ್ರಾಯಕ್ಕೆ ಬರುವವರೆಗೆ ಉಳಿದವು ನೂರಕ್ಕೆ ಹತ್ತೊಂಬತ್ತು ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ರಷ್ಟರ ಸಾವಿನಲ್ಲಿ ಮನುಷ್ಯನ ಕೈವಾಡ ಒಂದಲ್ಲ ಒಂದು ಬಗೆಯಲ್ಲಿ ಇತ್ತು. ಅಂದರೆ ಬೀದಿನಾಯಿಗಳ ಸಂತಾನ ನಿಯಂತ್ರಣ ಇಂದಿಗೂ ನಡೆಯುತ್ತಲೇ ಇದೆ. ಅದನ್ನು ನಡೆಸುತ್ತಿರುವುದು ಗಾಲಿ, ಕಲ್ಲು, ಹಸಿವು ಮತ್ತು ಗೋಣಿಚೀಲ. ಇಷ್ಟೆಲ್ಲ ಸತ್ತ ಮೇಲೂ ಸಂಖ್ಯೆ ಇಳಿಯುತ್ತಿಲ್ಲವೆಂಬುದು ನಾವು ಯೋಚಿಸಬೇಕಾದ ಸಂಗತಿ.

ಕೊಂದರೆ ಕಡಮೆಯಾದೀತೆಂಬ ನಂಬಿಕೆ ಹಳೆಯದು. ಮುಂಬಯಿಯಲ್ಲಿ 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟ ಆಡಳಿತದ ವಿರುದ್ಧ ಪಾರ್ಸಿಗಳ ಮುಂದಾಳುತನದಲ್ಲಿ ದೊಡ್ಡ ಗಲಭೆಯೇ ಆಯಿತು. ಆದರೂ ಕೊಲ್ಲುವ ಪದ್ಧತಿ ನಮ್ಮ ನಗರಗಳಲ್ಲಿ ಒಂದೂವರೆ ಶತಮಾನ ಮುಂದುವರಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ರೇಬಿಸ್ ತಜ್ಞರ ಸಮಿತಿ 1992ರಲ್ಲಿ, ನಾಯಿಗಳನ್ನು ಹಿಡಿದು ಇಲ್ಲವಾಗಿಸುವುದರಿಂದ ಅವುಗಳ ಸಂಖ್ಯೆಯಾಗಲಿ ರೋಗದ ಹರಡುವಿಕೆಯಾಗಲಿ ಗಣನೀಯವಾಗಿ ತಗ್ಗಿದ್ದಕ್ಕೆ ಎಲ್ಲಿಯೂ ಪುರಾವೆಯಿಲ್ಲವೆಂದು ತಿಳಿಸಿತು. ಕಾರಣ ಸರಳವಾದದ್ದು. ಬೀದಿಯಲ್ಲಿ ತಿಪ್ಪೆ ಇದೆ, ಎಂಜಲಿದೆ, ನೆರಳಿದೆ. ಹತ್ತು ನಾಯಿಗಳ ಅನ್ನವಿರುವ ಜಾಗದಿಂದ ಐದನ್ನು ತೆಗೆದರೆ ಉಳಿದ ಐದರ ಮರಿಗಳು ಚೆನ್ನಾಗಿ ತಿಂದು ಬದುಕುತ್ತವೆ; ಪಕ್ಕದ ಬೀದಿಯಿಂದ ಹೊಸವೂ ಬಂದು ಸೇರುತ್ತವೆ.

ಇದಕ್ಕೆ ಬದಲಾದ ದಾರಿಯನ್ನು ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆಯವರು 1964ರಲ್ಲಿಯೇ ಸೂಚಿಸಿದರು: ಹಿಡಿಯಿರಿ, ಮರಿಯಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲಿಯೇ ಬಿಡಿರಿ. ಅಲ್ಲಿನ ನಗರಾಡಳಿತ ಆ ಮಾತಿಗೆ ಕಿವಿಗೊಡುವ ಹೊತ್ತಿಗೆ 1996 ಬಂದಿತ್ತು. ಇದೇ ಕ್ರಮ 2001ರಲ್ಲಿ ಕೇಂದ್ರ ಸರ್ಕಾರದ ನಿಯಮವಾಯಿತು. 2023ರಲ್ಲಿ ಹೊಸ ನಿಯಮಗಳು ಹಳೆಯವುಗಳ ಜಾಗದಲ್ಲಿ ಬಂದವು. 2025ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂದು ಪೀಠ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಗಳಲ್ಲಿ ಕೂಡಬೇಕೆಂದು ಆದೇಶಿಸಿದಾಗ ದೇಶವೆಲ್ಲ ಎರಡು ಪಾಲಾಗಿ ವಾದಿಸಿತು. ಹನ್ನೊಂದು ದಿನಗಳ ಅನಂತರ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ರೇಬಿಸ್ ತಗಲಿದ ಅಥವಾ ಆಕ್ರಮಣ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಬಳಿಕ ಮರಳಿ ಬಿಡಬಹುದೆಂದಿತು. ಅದೇ ವರ್ಷದ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ ಮುಂತಾದ ಆವರಣಗಳಿಂದ ಹಿಡಿದವನ್ನು ಅಲ್ಲಿಗೇ ಬಿಡಬಾರದೆಂಬ ಆದೇಶವೂ ಬಂದಿತು. ನಾಯಿಕಡಿತದಿಂದ ಮಗುವನ್ನು ಕಳೆದುಕೊಂಡ ತಾಯಿಯ ದುಃಖಕ್ಕೂ, ಬೀದಿಯ ತಿರುವಿನಲ್ಲಿ ಮಲಗಿರುವ ಮೂಕಪ್ರಾಣಿಯ ಬದುಕಿಗೂ ಏಕಕಾಲದಲ್ಲಿ ನ್ಯಾಯ ಸಲ್ಲಿಸುವುದು ಸುಲಭದ ಕೆಲಸವಲ್ಲ.

ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಜಯಪುರ ಉತ್ತರ ಕೊಟ್ಟಿದೆ. ಅಲ್ಲಿ 'ಹೆಲ್ಪ್ ಇನ್ ಸಫರಿಂಗ್' ಎಂಬ ಸಂಸ್ಥೆ 1994ರಿಂದ 2002ರವರೆಗೆ ಸುಮಾರು 25 ಸಾವಿರ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಿತು. ಹೆಣ್ಣುನಾಯಿಗಳಲ್ಲಿ ನೂರಕ್ಕೆ 65ರಷ್ಟು ಹೀಗೆ ಮರಿಹಾಕದಂತಾದವು. ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು. ಕಾರ್ಯಕ್ರಮ ನಡೆದ ಭಾಗದಲ್ಲಿ ಮನುಷ್ಯರ ರೇಬಿಸ್ ಪ್ರಕರಣಗಳು ಸೊನ್ನೆಗೆ ಬಂದವು. ನಮ್ಮ ಬೆಂಗಳೂರಿನಲ್ಲಿಯೂ 2019ರ ಎಣಿಕೆಯಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ಆದ್ದರಿಂದ ಮಾರ್ಗ ಸರಿಯಾದದ್ದೇ. ತೊಡಕಿರುವುದು ಅದನ್ನು ನಡೆಯುವ ವೇಗದಲ್ಲಿ.

ಹೆಣ್ಣುನಾಯಿಯ ಶಸ್ತ್ರಚಿಕಿತ್ಸೆಯೆಂದರೆ ಹೊಟ್ಟೆಯನ್ನು ತೆರೆದು ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆಯುವ ಕೆಲಸ. ಅದಕ್ಕೆ ಪೂರ್ಣ ಅರಿವಳಿಕೆ ಬೇಕು, ನುರಿತ ವೈದ್ಯರು ಬೇಕು, ಶುದ್ಧವಾದ ಕೊಠಡಿ ಬೇಕು, ಹೊಲಿಗೆ ಒಣಗುವವರೆಗೆ ಕೆಲವು ದಿನ ಇರಿಸಿಕೊಂಡು ಆರೈಕೆ ಮಾಡುವ ಜನ ಬೇಕು. ದೊಡ್ಡ ನಗರಕ್ಕೇ ಇದು ಭಾರವೆನಿಸುವಾಗ ತಾಲೂಕು ಕೇಂದ್ರಗಳ ಪಾಡೇನು? ಅರ್ಧ ಕೆಲಸ ಮಾಡಿ ನಿಲ್ಲಿಸಿದರೆ, ಉಳಿದ ನಾಯಿಗಳು ಒಂದೆರಡು ವರ್ಷಗಳಲ್ಲಿ ಲೆಕ್ಕವನ್ನು ಮೊದಲಿನ ಜಾಗಕ್ಕೇ ತಂದು ನಿಲ್ಲಿಸುತ್ತವೆ. ಅಜ್ಜಿ ಕೇಳಿದ ಸೂಜಿಯನ್ನು ಲೋಕದ ವಿಜ್ಞಾನಿಗಳು ಹುಡುಕುತ್ತಿರುವುದು ಈ ಕಾರಣಕ್ಕಾಗಿ.

ಕತ್ತಿ ತಾಗದೆ ಪ್ರಾಣಿಯ ಸಂತಾನಶಕ್ತಿಯನ್ನು ತೆಗೆಯುವುದು ನಮ್ಮ ರೈತರಿಗೆ ಹೊಸದಲ್ಲ. ಹೋರಿಯನ್ನು ಎತ್ತು ಮಾಡಲು ಬೀಜ ಒಡೆಸುವ ಪದ್ಧತಿ ತಲೆತಲಾಂತರದಿಂದ ಬಂದದ್ದು. ಅದು ಕ್ರೂರವಾಗಿತ್ತು. ಮುಂದೆ ಪಶುವೈದ್ಯರು ಬುರ್ಡಿಜೋ ಎಂಬ ಇಕ್ಕಳವನ್ನು ತಂದರು. ಚರ್ಮ ಸೀಳದೆ, ರಕ್ತ ಬಾರದೆ ಕೆಲಸವಾಗತೊಡಗಿತು. ಆದರೆ ಇವೆಲ್ಲವೂ ಗಂಡಿಗೆ ಮಾತ್ರ. ಹಸುವಿಗಾಗಲಿ ಹೆಣ್ಣುನಾಯಿಗಾಗಲಿ ಅಂಥ ಸುಲಭದ ಉಪಾಯ ನಮ್ಮ ಹಿರಿಯರ ಬಳಿ ಇರಲಿಲ್ಲ. ಪ್ರಕೃತಿ ಗಂಡಿನ ಬೀಜವನ್ನು ಹೊರಗೆ ಕೈಗೆಟಕುವಂತೆ ಇಟ್ಟಿದೆ. ಹೆಣ್ಣಿನದನ್ನು ಹೊಟ್ಟೆಯ ಆಳದಲ್ಲಿ ಬಚ್ಚಿಟ್ಟಿದೆ. ಆಧುನಿಕ ಸೂಜಿಮದ್ದಿನ ಕಥೆಯೂ ಮೊದಲು ಇದೇ ಹಾದಿಯಲ್ಲಿ ನಡೆಯಿತು.

ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2003ರಲ್ಲಿ ಒಂದು ಮದ್ದಿಗೆ ಒಪ್ಪಿಗೆ ಕೊಟ್ಟಿತು. ಅದು ಜಿಂಕ್ ಗ್ಲುಕೋನೇಟ್ ಎಂಬ ಸತುವಿನ ಲವಣ. ಮೂರರಿಂದ ಹತ್ತು ತಿಂಗಳ ಗಂಡುಮರಿಯ ವೃಷಣಗಳಿಗೆ ಸಣ್ಣ ಸೂಜಿಯಿಂದ ಇದನ್ನು ಚುಚ್ಚಿದರೆ ವೀರ್ಯಾಣು ಹುಟ್ಟುವ ಅಂಗಾಂಶ ನಶಿಸುತ್ತದೆ. ಪೂರ್ಣ ಅರಿವಳಿಕೆಯ ಅಗತ್ಯವಿಲ್ಲ, ಹೊಲಿಗೆಯಿಲ್ಲ. ಗ್ಯಾಲಪಗೋಸ್ ದ್ವೀಪಗಳಲ್ಲೊಂದಾದ ಇಸಬೆಲಾದಲ್ಲಿ 103 ಗಂಡುನಾಯಿಗಳಿಗೆ ಇದನ್ನು ಕೊಟ್ಟು ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಬಹುಪಾಲು ನಾಯಿಗಳು ಸುಖವಾಗಿದ್ದವು. ಆದರೆ ನಾಲ್ಕಕ್ಕೆ ಚುಚ್ಚಿದ ಜಾಗದಲ್ಲಿ ಮಾಂಸ ಕೊಳೆಯುವಂಥ ಹುಣ್ಣಾಯಿತು. ಮದ್ದು ಒಂದಿಷ್ಟು ಹೊರಚೆಲ್ಲಿದರೂ ಕೆಡುಕೇ. ಅದನ್ನು ಕೊಡುವ ಕೈಗೂ ಶಸ್ತ್ರವೈದ್ಯನ ಕೈಯಷ್ಟೇ ನೇಮ ಬೇಕೆಂಬುದು ಇದರಿಂದ ತಿಳಿಯಿತು. ಹೆಸರು ಬದಲಿಸಿಕೊಂಡು ಮತ್ತೊಮ್ಮೆ ಬಂದರೂ ಅಮೆರಿಕದ ಮಾರುಕಟ್ಟೆಯಲ್ಲಿ ಆ ಔಷಧ ನೆಲೆನಿಲ್ಲಲಿಲ್ಲ.

ಇನ್ನೊಂದು ಮದ್ದಿನ ಹಿಂದೆ ನಮ್ಮವರ ದುಡಿಮೆಯಿದೆ. ಪಶ್ಚಿಮ ಬಂಗಾಳದ ವಿಜ್ಞಾನಿಗಳಾದ ಕುಲದೀಪ ಜಾನಾ ಮತ್ತು ಪ್ರಭಾತ್ ಕುಮಾರ್ ಸಾಮಂತ ಅವರು ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಅಗ್ಗದ ಲವಣವನ್ನು ಬೀದಿಯ ಗಂಡುನಾಯಿಗಳಲ್ಲಿ ಪ್ರಯೋಗಿಸಿ 2007ರಲ್ಲಿ ವರದಿ ಮಾಡಿದರು. ಒಂದೇ ಚುಚ್ಚಿನಿಂದ ವೀರ್ಯೋತ್ಪತ್ತಿ ನಿಂತಿತು. ಇಟಲಿಯ ಸಂಶೋಧಕರು ಅದನ್ನು ಮದ್ಯಸಾರದಲ್ಲಿ ಕರಗಿಸಿ ಕೊಟ್ಟರೆ ಪರಿಣಾಮ ಮೇಲೆಂದು 2014ರಲ್ಲಿ ತೋರಿಸಿದರು. ಬೆಲೆಯಲ್ಲಿ ಇದಕ್ಕಿಂತ ಕಡಮೆಯ ಉಪಾಯ ಸಿಕ್ಕಲಾರದು. ಬೆಲೆ ಕಡಮೆಯಾಗಿರುವುದೇ ಇದಕ್ಕೆ ತೊಡರಾಗಿಯೂ ಪರಿಣಮಿಸಿತು. ಯಾರು ಬೇಕಾದರೂ ತಯಾರಿಸಬಹುದಾದ ಲವಣದಿಂದ ಲಾಭವಿಲ್ಲವಾದ್ದರಿಂದ, ಸರ್ಕಾರದ ಒಪ್ಪಿಗೆಗೆ ಬೇಕಾದ ದೀರ್ಘ ಪರೀಕ್ಷೆಗಳಿಗೆ ಹಣ ಹೂಡುವ ಉತ್ಸಾಹ ಔಷಧ ಕಂಪೆನಿಗಳಿಗೆ ಇರುವುದಿಲ್ಲ.

ಇವೆರಡಕ್ಕೂ ಸೇರಿ ಒಂದು ಮಿತಿಯಿದೆ. ಈ ಭಾಷಣದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಅದನ್ನೇ. ಒಂದು ಬೀದಿಯಲ್ಲಿ ಹತ್ತು ಗಂಡು, ಹತ್ತು ಹೆಣ್ಣುನಾಯಿಗಳಿವೆಯೆಂದು ಇಟ್ಟುಕೊಳ್ಳಿ. ಒಂಬತ್ತು ಗಂಡುಗಳಿಗೆ ಸೂಜಿ ಹಾಕಿ ಒಂದನ್ನು ಬಿಟ್ಟರೂ ಹತ್ತು ಹೆಣ್ಣುಗಳು ಗರ್ಭ ಧರಿಸಬಲ್ಲವು. ಆ ಒಂದೂ ಸಿಕ್ಕಿತೆನ್ನಿ, ಪಕ್ಕದ ಬೀದಿಯ ಗಂಡು ಬರುತ್ತದೆ. ಅದೇ ಒಂಬತ್ತು ಹೆಣ್ಣುಗಳಿಗೆ ಮರಿಯಾಗದಂತೆ ಮಾಡಿದರೆ ಆ ವರ್ಷ ಒಂದು ಸೂಲು ಮಾತ್ರ. ಜಯಪುರದ ಲೆಕ್ಕದಲ್ಲಿ ಹೆಣ್ಣುನಾಯಿಗಳ ಪ್ರಮಾಣವನ್ನೇ ಎತ್ತಿ ಹೇಳಿರುವುದು ಇದಕ್ಕಾಗಿ. ಸುಲಭವಾಗಿ ಕೈಗೆಟಕಿದ ಸೂಜಿಗಳು ಗಂಡಿನವು. ಸಂಖ್ಯೆಯನ್ನು ನಿರ್ಧರಿಸುವವಳು ಹೆಣ್ಣು.

ಹಾಗಾದರೆ ಹೆಣ್ಣಿಗೆ ಏನಿದೆ? ಇಲ್ಲಿ ಶರೀರದ ಒಳಗಿನ ಒಂದು ಏರ್ಪಾಟನ್ನು ತಿಳಿಯಬೇಕು. ನಮ್ಮ ಕೆರೆಗಳಿಗೆ ನೀರುಗಂಟಿಗಳಿದ್ದ ಕಾಲವನ್ನು ನೆನೆಯಿರಿ. ಊರ ಹಿರಿಯರು ಹೇಳಿಕಳುಹಿಸಿದಾಗ ನೀರುಗಂಟಿ ಹೋಗಿ ತೂಬು ಎತ್ತುತ್ತಿದ್ದ. ಗದ್ದೆಗೆ ನೀರು ಹರಿಯುತ್ತಿತ್ತು. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವೇ ಆ ಹಿರಿಯ. ಅದು ಬಿಟ್ಟು ಬಿಟ್ಟು ಕಳುಹಿಸುವ ಒಂದು ಹಾರ್ಮೋನು ಪಿಟ್ಯುಟರಿ ಗ್ರಂಥಿಯೆಂಬ ನೀರುಗಂಟಿಯನ್ನು ಎಬ್ಬಿಸುತ್ತದೆ. ಪಿಟ್ಯುಟರಿ ತನ್ನ ಹಾರ್ಮೋನುಗಳಿಂದ ಅಂಡಾಶಯವನ್ನು ಎಬ್ಬಿಸುತ್ತದೆ. ಗಂಡಿನಲ್ಲಿಯೂ ಏರ್ಪಾಟು ಇದೇ.

ಡೆಸ್ಲೊರೆಲಿನ್ ಎಂಬ ಔಷಧವನ್ನು ಅಕ್ಕಿಕಾಳಿನಂಥ ಸಣ್ಣ ತುಣುಕಾಗಿ ಮಾಡಿ ಚರ್ಮದ ಕೆಳಗೆ ಇರಿಸುತ್ತಾರೆ. ಆಸ್ಟ್ರೇಲಿಯದಲ್ಲಿ 2004ರಲ್ಲಿ, ಯುರೋಪಿನಲ್ಲಿ 2007ರಲ್ಲಿ ಗಂಡುನಾಯಿಗಳಿಗೆಂದು ಇದಕ್ಕೆ ಅನುಮತಿ ದೊರೆಯಿತು. ಇದು ಹಿರಿಯರ ಕರೆಯನ್ನೇ ಎಡೆಬಿಡದೆ ಕೂಗುತ್ತಿರುತ್ತದೆ. ನೀರುಗಂಟಿ ಮೊದಲು ಓಡೋಡಿ ಬರುತ್ತಾನೆ. ಕೂಗು ನಿಲ್ಲದಿದ್ದಾಗ ಬೇಸತ್ತು ಕಿವಿ ಮುಚ್ಚಿಕೊಳ್ಳುತ್ತಾನೆ. ತೂಬು ಮುಚ್ಚಿಯೇ ಉಳಿಯುತ್ತದೆ. ಆ ಮೊದಲ ಓಟದ ದೆಸೆಯಿಂದ ಪ್ರಾಯದ ಹೆಣ್ಣುನಾಯಿ ಒಮ್ಮೆ ಬೆದೆಗೆ ಬರುವುದೂ ಉಂಟು. ತುಣುಕಿನ ಪ್ರಮಾಣಕ್ಕೆ ತಕ್ಕಂತೆ ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೆ ಔಷಧ ತೀರಿ ಶಕ್ತಿ ಮರಳಬಹುದು. ಸಾಕಿದವರು ವರ್ಷವರ್ಷವೂ ವೈದ್ಯರ ಬಳಿಗೆ ಕರೆತರುವ ನಾಯಿಗೆ ಇದು ಒಳ್ಳೆಯದೇ. ಒಮ್ಮೆ ಹಿಡಿಯುವುದೇ ಸಾಹಸವೆನಿಸಿದ ಬೀದಿನಾಯಿಯನ್ನು ಪ್ರತಿ ವರ್ಷ ಹಿಡಿಯುವವರು ಯಾರು?

ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ಸಂಶೋಧಕರು ಗೊನಾಕಾನ್ ಎಂಬ ಲಸಿಕೆಯನ್ನು ರೂಪಿಸಿದರು. ಜಿಂಕೆಗಳಿಗೆ 2009ರಲ್ಲಿ ಅದಕ್ಕೆ ಅನುಮತಿ ಬಂತು. ಹಿರಿಯರು ಕಳುಹಿಸಿದ ದೂತನನ್ನೇ ಶತ್ರುವೆಂದು ಬಗೆದು ಹಿಡಿಯುವಂತೆ ಶರೀರದ ರಕ್ಷಣಾಪಡೆಯನ್ನು ಅದು ಎತ್ತಿಕಟ್ಟುತ್ತದೆ. ಹದಿನೈದು ಹೆಣ್ಣುಬೆಕ್ಕುಗಳಿಗೆ ಇದನ್ನು ಒಂದು ಸಲ ಕೊಟ್ಟು ಐದು ವರ್ಷ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ನೂರಕ್ಕೆ 93ರಷ್ಟು ಬೆಕ್ಕುಗಳು ಗರ್ಭ ಧರಿಸಲಿಲ್ಲ. ಐದನೆಯ ವರ್ಷಕ್ಕೆ ಆ ರಕ್ಷಣೆ ನೂರಕ್ಕೆ 27ರಷ್ಟರಲ್ಲಿ ಮಾತ್ರ ಉಳಿದಿತ್ತು.

2008ರಲ್ಲಿ ಅಮೆರಿಕದ ಗ್ಯಾರಿ ಮೈಕಲ್ಸನ್ ಎಂಬ ಶಸ್ತ್ರವೈದ್ಯರು ಎರಡೂವರೆ ಕೋಟಿ ಡಾಲರುಗಳ ಬಹುಮಾನವನ್ನೂ, ಸಂಶೋಧನೆಗೆಂದು ಬೇರೆಯಾಗಿ ಐದು ಕೋಟಿ ಡಾಲರುಗಳನ್ನೂ ಘೋಷಿಸಿದರು. ಅವರ ಷರತ್ತು ಕೇಳಲು ಸರಳ: ಒಂದೇ ಬಾರಿ ಕೊಡುವ ಮದ್ದು, ಜೀವಮಾನವಿಡೀ ಪರಿಣಾಮ, ನಾಯಿಗೂ ಬೆಕ್ಕಿಗೂ, ಗಂಡಿಗೂ ಹೆಣ್ಣಿಗೂ ಆಗಬೇಕು, ಅಪಾಯವಿರಬಾರದು. ಹದಿನೈದು ವರ್ಷ ಕಳೆದು 2023 ಬಂದಾಗಲೂ ಬಹುಮಾನ ಯಾರ ಕೈಗೂ ಸೇರಿರಲಿಲ್ಲ. ಆದರೆ ಆ ವರ್ಷ ಒಂದು ಭರವಸೆಯ ಸುದ್ದಿ ಬಂದಿತು. ಸಿನ್ಸಿನಾಟಿ ಮೃಗಾಲಯದ ವಿಜ್ಞಾನಿಗಳೂ ಬಾಸ್ಟನ್ನಿನ ಸಂಶೋಧಕರೂ ಕೂಡಿ ಆರು ಹೆಣ್ಣುಬೆಕ್ಕುಗಳ ತೊಡೆಯ ಸ್ನಾಯುವಿಗೆ ಒಂದೊಂದು ಚುಚ್ಚುಮದ್ದು ಕೊಟ್ಟಿದ್ದರು. ಅದರಲ್ಲಿದ್ದುದು ನಿರುಪದ್ರವಿ ವೈರಸ್ಸಿನ ಕೋಶದೊಳಗೆ ಇರಿಸಿದ ಒಂದು ಜೀನು. ಮುಲ್ಲೇರಿಯನ್ ನಿರೋಧಕ ಹಾರ್ಮೋನನ್ನು ತಯಾರಿಸುವ ಸೂತ್ರ ಆ ಜೀನಿನಲ್ಲಿದೆ. ಈ ಹಾರ್ಮೋನು ಅಂಡಾಶಯದಲ್ಲಿ ಮೊದಲೇ ಇರುವಂಥದು. ಎಳೆಯ ಅಂಡಕೋಶಗಳು ಒಟ್ಟಿಗೆ ಎಚ್ಚರವಾಗದಂತೆ ತಡೆಯುವುದು ಅದರ ಕೆಲಸ. ಸ್ನಾಯು ಆ ಸೂತ್ರವನ್ನು ಓದಿ ಹಾರ್ಮೋನನ್ನು ಹೇರಳವಾಗಿ ತಯಾರಿಸತೊಡಗಿದಾಗ ಅಂಡಕೋಶಗಳು ಬಲಿಯದೆ ನಿಂತವು. ಎರಡು ಬಾರಿ, ನಾಲ್ಕು ನಾಲ್ಕು ತಿಂಗಳು, ಗಂಡುಬೆಕ್ಕಿನೊಡನೆ ಇರಿಸಿದರೂ ಆರರಲ್ಲಿ ಒಂದೂ ಗರ್ಭ ಧರಿಸಲಿಲ್ಲ. ಹೋಲಿಕೆಗೆಂದು ಮದ್ದಿಲ್ಲದೆ ಇರಿಸಿದ ಮೂರೂ ಮರಿ ಹಾಕಿದವು. ಎರಡು ವರ್ಷಕ್ಕೂ ಮೀರಿದ ಅವಲೋಕನದಲ್ಲಿ ಗಂಭೀರ ಕೆಡುಕೇನೂ ಕಾಣಲಿಲ್ಲ.

ಅಜ್ಜಿಯ ಪ್ರಶ್ನೆಗೆ ಇದುವರೆಗೆ ದೊರೆತಿರುವ ಅತ್ಯಂತ ಹತ್ತಿರದ ಉತ್ತರ ಇದೇ ಎಂದು ನನ್ನ ಎಣಿಕೆ. ಆದರೆ ಆರು ಬೆಕ್ಕುಗಳ ಸಾಕ್ಷ್ಯ ಆರರ ಸಾಕ್ಷ್ಯವೇ. ಬೆಕ್ಕಿನಲ್ಲಿ ಫಲಿಸಿದ್ದು ನಾಯಿಯಲ್ಲಿ ಹಾಗೆಯೇ ಫಲಿಸಬೇಕೆಂಬ ನಿಯಮವಿಲ್ಲ. ಬೀದಿಗೆ ಬರುವ ಮೊದಲು ಅದರ ಬೆಲೆಯೂ ಇಳಿಯಬೇಕು.

ಸೂಜಿ ಬಂದ ಮೇಲೂ ಉಳಿಯುವ ಕೆಲಸಗಳಿವೆಯೆಂದು ನನ್ನ ಪಶುವೈದ್ಯ ಮಿತ್ರರು ಎಚ್ಚರಿಸಿದರು. ನಾಯಿಯನ್ನು ಹಿಡಿಯುವ ಕಷ್ಟ ಆಗಲೂ ತಪ್ಪದು. ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲಿರುವಾಗ ಕಿವಿಯಲ್ಲಿ ಒಂದು ಸಣ್ಣ ಕಚ್ಚು ಮಾಡುತ್ತಾರೆ. ದೂರದಿಂದ ನೋಡಿದವರಿಗೂ ಇದಕ್ಕೆ ಚಿಕಿತ್ಸೆಯಾಗಿದೆಯೆಂದು ತಿಳಿಯುತ್ತದೆ. ಎಚ್ಚರವಿರುವ ನಾಯಿಯ ಕಿವಿಗೆ ಕತ್ತರಿ ಹಾಕಲಾಗದು. ಗುರುತಿಗೆ ಬೇರೆ ದಾರಿ ಹುಡುಕಬೇಕು. ಸತುವಿನ ಮದ್ದು ಪಡೆದ ಗಂಡಿನಲ್ಲಿ ಗಂಡುಹಾರ್ಮೋನು ಪೂರ್ತಿ ನಿಲ್ಲುವುದಿಲ್ಲವಾದ್ದರಿಂದ ಕಾದಾಟ, ಅಲೆದಾಟ ಉಳಿಯಬಹುದು. ಗರ್ಭಕೋಶವನ್ನು ತೆಗೆದ ಹೆಣ್ಣುನಾಯಿಗೆ ಆ ಅಂಗದ ಕೀವು ರೋಗದ ಭಯವಿಲ್ಲ; ಸೂಜಿಯಲ್ಲಿ ಗರ್ಭಕೋಶ ಉಳಿದೇ ಇರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಮರಿಯಾಗದ ಸೂಜಿ ರೇಬಿಸ್ ತಡೆಯುವ ಸೂಜಿಯಲ್ಲ. ಎರಡನ್ನೂ ಒಂದೇ ಹಿಡಿತದಲ್ಲಿ ಕೊಡಬೇಕು. ನೂರಕ್ಕೆ ಎಪ್ಪತ್ತು ನಾಯಿಗಳಿಗೆ ಲಸಿಕೆ ತಲುಪಿದರೆ ರೋಗದ ಸರಪಳಿ ಕಡಿಯುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಇಷ್ಟನ್ನೆಲ್ಲ ಕೇಳಿಕೊಂಡ ಮೇಲೆ ನಾನು ಆ ಮಿತ್ರರನ್ನು, "ಹಾಗಾದರೆ ಇನ್ನೂ ಕೆಲವು ವರ್ಷ ಕಾಯಬೇಕೆನ್ನಿ" ಎಂದೆ. ಅವರು, "ನೀವು ಕಾಯಬಹುದು ಸ್ವಾಮಿ. ನಿಮ್ಮ ಬೀದಿಯ ನಾಯಿ ಆರು ತಿಂಗಳೂ ಕಾಯುವುದಿಲ್ಲವಲ್ಲ" ಎಂದರು.

ಆ ಮಾತು ನಾಟಿತು. ಮನೆಗೆ ಬಂದು ಅಜ್ಜಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಸೂಜಿ ಬರುತ್ತಿದೆ, ಇನ್ನೂ ಬಂದಿಲ್ಲ, ಗಂಡಿನದು ಬಂದರೂ ನಮ್ಮ ಕೆಲಸ ಮುಗಿಯುವುದಿಲ್ಲ, ಈಗ ಕೈಯಲ್ಲಿರುವುದು ಕತ್ತಿಯೇ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, "ನಾವೇ ಅಲ್ಲವೇ ಹೆಣ್ಣುಮರಿ ಬೇಡ ಅಂತ ಬೀದಿಗೆ ಬಿಟ್ಟವರು" ಎಂದರು. ಬೀದಿಯ ಐದು ಮನೆಯವರು ಕೂಡಿ, ಮರಿಗಳು ಹಾಲು ಬಿಟ್ಟ ಮೇಲೆ, ಕಂದು ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಲಸಿಕೆ ಹಾಕಿಸಿದೆವು. ಈಗ ಅದರ ಕಿವಿಯಲ್ಲಿ ಕಚ್ಚು ಇದೆ; ಜಗಲಿಯ ಮೂಲೆಯಲ್ಲಿ ನಿಶ್ಚಿಂತೆಯಿಂದ ಮಲಗುತ್ತದೆ. ಆ ಮೂರನೆಯ ಸೂಲಿನ ಒಂದು ಹೆಣ್ಣುಮರಿಯನ್ನು ಅಜ್ಜಿ ತಾವೇ ಇರಿಸಿಕೊಂಡಿದ್ದಾರೆ. ಅದಕ್ಕೀಗ ಐದು ತಿಂಗಳು. ಮುಂದಿನ ತಿಂಗಳು ಅದನ್ನೂ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ನನಗೆ ಈಗಾಗಲೇ ಎರಡು ಸಲ ನೆನಪು ಮಾಡಿದ್ದಾರೆ.